ಏಣಿ ಹಿಡಿದವಳು

ನಮ್ಮೂರಿನ ಹೆಸರಿಗೆ ಅವರ ಲಿಪಿಯಲ್ಲೂ ಆರು ಅಕ್ಷರ,
ಇವರ ಲಿಪಿಯಲ್ಲೂ ಆರು. ಕೊತೋವಾ.
ಐದು ಇಬ್ಬರಿಗೂ ಒಂದೇ.
ಬೇರೆ ಇದ್ದದ್ದು ‘ವ’ಕಾರವೊಂದು:
ವಿಯೆನ್ನಾದ ಚಕ್ರವರ್ತಿಗೆ ಅದು ಗೂಟ ನೆಟ್ಟ ಬೇಲಿ,
ರಷ್ಯದ ಜಾರನಿಗೆ ಎರಡು ಹೊಟ್ಟೆಯ ಬಸುರಿ.
ಸ್ಟೇಷನ್ನಿನ ಹಲಗೆ ಬರೆಯುವವನು ನನ್ನಪ್ಪ ಓನುಫ್ರಿ.
ಏಣಿ ಹಿಡಿಯುವವಳು ನಾನು, ಪರಾಸ್ಕ. ಹದಿಮೂರು ತುಂಬಿತ್ತು.

ಯಾರು ಯಾರಿಗೆ ಮಾತು ಕೊಟ್ಟಿದ್ದಾರೆಂದು
ಶಾಲೆಯ ಮೇಷ್ಟ್ರು ಬೀನ್ಸ್ ಕಾಳು ಹರಡಿ ತೋರಿಸಿದರು.
ಬಿಳಿಯವು ವಿಯೆನ್ನಾ, ಬರ್ಲಿನ್.
ಕೆಂಪಿನವು ರಷ್ಯ, ಫ್ರಾನ್ಸ್, ಇಂಗ್ಲೆಂಡ್.
ಇಟಲಿಯನ್ನು ಸದ್ಯಕ್ಕೆ ಜೇಬಿನಲ್ಲೇ ಇಟ್ಟುಕೊಂಡರು.
ಅಷ್ಟರಲ್ಲಿ ಕೋಳಿ ಬಂದು ಸೆರ್ಬಿಯವನ್ನು ನುಂಗಿತು.

ಆಗಸ್ಟಿನಲ್ಲಿ ಅಣ್ಣ ಯುಸ್ತಿನ್ ಟೋಪಿಗೆ ಓಕ್ ಎಲೆ ಸಿಕ್ಕಿಸಿ
ಗೂಡ್ಸ್ ಡಬ್ಬಿ ಹತ್ತಿದ.
ಡಬ್ಬಿಯ ಮೇಲೆ ಬರೆದಿತ್ತು: ನಲವತ್ತು ಜನ, ಅಥವಾ ಆರು ಕುದುರೆ.
ಪ್ಲಮ್ ಹಣ್ಣು ಒಣಗಿಸುವ ಹೊತ್ತಿಗೆ ಬರುತ್ತೇನೆ ಅಂದ.

ಪ್ಲಮ್ ಒಣಗಿಸುವ ಹೊತ್ತಿಗೆ ಬಂದವರು ರಷ್ಯದವರು.
ಅವರ ಕುದುರೆಗಳು ನಮ್ಮ ಬಾವಿ ಬತ್ತಿಸಿದವು.
ಹಲಗೆ ಪೂರಾ ಬದಲಿಸು, ಅಂದ ಗಡ್ಡದ ಅಧಿಕಾರಿ.
ಅಪ್ಪ ಆರಕ್ಷರಕ್ಕೆ ರೂಬಲ್ ಎಣಿಸಿಕೊಂಡ,
ಒಂದನ್ನು ಕೆರೆದ, ಒಂದನ್ನು ಬರೆದ,
ಮಿಕ್ಕ ಐದರ ಮುಂದೆ ಒಣ ಬ್ರಷ್ಷು ಆಡಿಸಿದ.
ರಾಜ್ಯ ಬದಲಾಗುವುದು ಅಂದರೆ ಇಷ್ಟೇ ಕಣೆ, ಅಂದ
ಇಳಿಯುತ್ತಾ. ನಕ್ಕದ್ದು ನೆನಪಿದೆ,
ಹಲ್ಲಿನ ಮೇಲೊಂದು ಬಿಳಿ ಚುಕ್ಕೆ.

ಫೆಬ್ರುವರಿಯ ಹಿಮದಲ್ಲಿ ಚಕ್ರವರ್ತಿಯ ಸೈನ್ಯ ವಾಪಸು ಬಂತು.
ಅಪ್ಪ ಬಣ್ಣದ ಡಬ್ಬಿ ಬಿಸಿಮಾಡಿಕೊಂಡು ಕಾದು ನಿಂತಿದ್ದ.
ಅವರು ಕೇಳಿದ್ದು ಬೇರೆ:
ವೈರಿಯ ಅಕ್ಷರ ಬರೆದ ಕೈ ಯಾವುದು?
ಸ್ಟೇಷನ್ ಮಾಸ್ತರ ತನ್ನ ಬೂಟು ನೋಡಿಕೊಂಡ.
ಐದು ನಿಮ್ಮವೇ ಉಳಿಸಿದ್ದೆ ಸ್ವಾಮಿ, ಅಂದ ಅಪ್ಪ.
ದುಭಾಷಿ ಅದರಲ್ಲಿ ಎಷ್ಟನ್ನು ದಾಟಿಸಿದನೋ.
ಗೂಡ್ಸ್ ಷೆಡ್ಡಿನ ಪಕ್ಕ ಒಂದು ಲಿಂಡನ್ ಮರವಿದೆ.
ಏಣಿ ಎಲ್ಲಿ ಅಂತ ಕೇಳಿದರು.
ಹಿಡಿಯಲು ನನ್ನನ್ನು ಕರೆಯಲಿಲ್ಲ.

ಸಂಜೆ ಅದನ್ನು ತಂದು ಬಾಗಿಲಿಗೆ ಒರಗಿಸಿ ಹೋದರು,
ರಸೀದಿ ಸಮೇತ.

ಆಮೇಲೆ ಬರೆದವಳು ನಾನು. ಏಣಿ ಹಿಡಿದವಳು ಅವ್ವ.
ಹದಿನಾರನೇ ಇಸವಿಯ ಬೇಸಿಗೆಯಲ್ಲಿ ಬಸುರಿ,
ಹದಿನೇಳರಲ್ಲಿ ಬೇಲಿ.
ಚರ್ಚಿನ ಗಂಟೆ ಇಳಿಸಿ ಫಿರಂಗಿಗೆ ಕೊಂಡೊಯ್ದರು.
ಫೈವಿಷನ ಅಂಗಡಿಯಲ್ಲಿ ಬಣ್ಣಕ್ಕೆಂದು ತಂದ ಅಗಸೆ ಎಣ್ಣೆಯಲ್ಲಿ
ನಾವು ಆಲೂಗಡ್ಡೆ ಸಿಪ್ಪೆ ಹುರಿದು ತಿಂದೆವು.
ಹಾಗಾಗಿ ನನ್ನ ಬಿಳಿ ಅಂದರೆ ಬರೀ ಸೀಮೆಸುಣ್ಣ, ಮಜ್ಜಿಗೆ.

ಯುಸ್ತಿನನ ಕಾರ್ಡು ಬಂತು. ಇಟಲಿ ಜೇಬಿನಿಂದ ಹೊರಬಿದ್ದು
ಆಗಲೇ ಕೆಂಪು ಕಾಳಾಗಿತ್ತು.
‘ಇಲ್ಲಿ ಬೆಟ್ಟದಲ್ಲಿ ಮಣ್ಣೇ ಇಲ್ಲ. ಗುಂಡು ಬಿದ್ದರೆ ಕಲ್ಲೂ ಗುಂಡಾಗುತ್ತದೆ.
ಅಪ್ಪನಿಗೆ ಹೇಳು, ನಮ್ಮ ತುಕಡಿಯಲ್ಲಿ ಈಗ’
ಮುಂದಿನದರ ಮೇಲೆ ಸೆನ್ಸಾರಿನವರು ಕಪ್ಪು ಬಳಿದಿದ್ದರು.
ಒಳ್ಳೆ ಕಪ್ಪು, ನಮ್ಮಲ್ಲಿ ಸಿಗದ್ದು.

ಹದಿನೆಂಟರಲ್ಲಿ ಯುದ್ಧ ಮುಗಿಯಿತು ಅಂದರು.
ನವೆಂಬರಿನಲ್ಲಿ ನಮ್ಮವರೇ ಬಂದು ಬಸುರಿಯನ್ನು ಬರೆಸಿದರು.
ಮೇ ತಿಂಗಳಲ್ಲಿ ರೊಮೇನಿಯದವರು. ಅವರಿಗೆ ಎರಡಕ್ಷರ ಬೇರೆ ಬೇಕಿತ್ತು.
ಮೊದಲನೆಯದನ್ನೂ ಕೆರೆದೆ, ಅಪ್ಪನದು,
ಅವ್ವ ಕೆಳಗಿನಿಂದ ನೋಡದ ಹಾಗೆ ಮೈ ಅಡ್ಡ ಹಿಡಿದು.

ಆ ವಾರವೇ ಅಣ್ಣನ ರೈಲು ಬಂದು ನಿಂತಿತು.
ಹಲಗೆ ಓದಿದ. ಇದು ನಮ್ಮೂರಲ್ಲ ಅಂತ ಕೂತೇ ಇದ್ದ.
ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಹಳಿ ಹಿಡಿದು,
ಬೆಳಗಿನ ಜಾವಕ್ಕೆ ನಡೆದು ಬಂದ, ಒಂದೂವರೆ ಕಾಲಿನಲ್ಲಿ.
ಹೊಸ್ತಿಲಲ್ಲೇ ಕೇಳಿದ:
ಊರ ಹೆಸರು ಹೀಗೆ ತಪ್ಪು ಬರೆದವರ್ಯಾರು?
ಅಪ್ಪ ಸುಮ್ಮನೆ ಬಿಟ್ಟನೇ?

ಈಗ ಪೋಲೆಂಡು. ಮತ್ತೆ ಬೇಲಿ.
ಮಳೆ ಬಂದಾಗಲೆಲ್ಲ ನಾನು ಬರೆದದ್ದು ಕರಗಿ
ಪ್ಲಾಟ್‌ಫಾರ್ಮಿನ ಮೋರಿಗೆ ಇಳಿಯುತ್ತದೆ.
ಮಿಕ್ಕ ನಾಲ್ಕು, ಹದಿಮೂರನೇ ಇಸವಿಯ ಸತುವಿನ ಬಿಳಿಯಲ್ಲಿ
ಹಾಗೇ ಇವೆ:
ಒಂದು ಕಂಬ, ಒಂದು ಗುಡಾರ,
ತೆರೆದ ಎರಡು ಬಾಯಿ.